ಜಿಲ್ಲಾ ಕೋರ್ಟಿನ ಬಳೆಗಳು

ಆಳಂದ, 12 ಜೂನ್ 1986

ಗಂಡ ಸತ್ತಿದ್ದಾನೆ ಎಂದು ಬರೆದುಕೊಡಿ ಅಂತ ಸರಕಾರದ ಬಾಗಿಲಿಗೆ ಹೋದ ಹೆಂಡತಿ ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಇವತ್ತು ಶಾಲೆಗೆ ರಜೆ ಹಾಕಿ ಹೋಗಿ ದಾವೆಗೆ ಸಹಿ ಮಾಡಿ ಬಂದೆ. ಬೇರೆ ಯಾರ ಹತ್ತಿರ ಹೇಳಲಿ? ಅದಕ್ಕೇ ಇಲ್ಲಿ ಬರೆಯುತ್ತೇನೆ. ಮನೆಯಲ್ಲಿರುವುದು ಅತ್ತೆ ಗುರಮ್ಮ ಮತ್ತು ನಾನು. ಅತ್ತೆಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ, ಕಂಡರೂ ಓದು ಬಾರದು. ಈ ಪುಸ್ತಕ ಬಯಲಲ್ಲಿ ಇಟ್ಟರೂ ಹೆದರಿಕೆಯಿಲ್ಲ.

ಅವರು ಹೋಗಿ ಏಳು ವರ್ಷ ದಾಟಿತು. ಆ ದಿನ ಬೆಳಿಗ್ಗೆ ಸ್ನಾನ ಮಾಡಿದರು, ಕೊರಳಿನ ಇಷ್ಟಲಿಂಗ ಬಿಚ್ಚಿ ಗೂಟಕ್ಕೆ ಹಾಕಿದರು, ಒದ್ದೆ ಕಾಲಲ್ಲೇ ಬಚ್ಚಲಿನಿಂದ ಬಾಗಿಲಿಗೆ ನಡೆದು ಹೊರಗೆ ಹೋದರು. ಜಗಳವಿಲ್ಲ, ಮಾತಿಲ್ಲ. ಸಣ್ಣವರಿದ್ದಾಗ ಕುಂಟೆಗೆ ಸಿಕ್ಕು ಅವರ ಎಡಗಾಲಿನ ಕಿರುಬೆರಳು ಹೋಗಿತ್ತು. ಆ ನಾಲ್ಕು ಬೆರಳಿನ ಹೆಜ್ಜೆ ಫರಸಿ ಕಲ್ಲಿನ ನೆಲದ ಮೇಲೆ ಒಂದೊಂದಾಗಿ ಆರುತ್ತಿದ್ದದ್ದನ್ನು ನಾನು ನೋಡುತ್ತ ನಿಂತಿದ್ದೆ. ಅಂಗಡಿಗೆ ಹೋಗಿದ್ದಾರೆ ಅಂದುಕೊಂಡಿದ್ದೆ.

ಲಿಂಗ ಬಿಚ್ಚಿಟ್ಟವನು ಉಳಿಯುವುದಿಲ್ಲ ಎಂದು ಓಣಿಯವರು ಅನ್ನುತ್ತಾರೆ. ಅತ್ತೆಯದು ಉಲ್ಟಾ. "ಲಿಂಗಕ್ಕಾಗಿಯರ ಬರ್ತಾನ ಬೇ. ಅದನ್ನ ಬಿಟ್ಟು ಎಷ್ಟ ದಿನ ಇರ್ತಾನ?" ಎನ್ನುತ್ತಾಳೆ. ಇವತ್ತಿಗೂ ನಾನು ಬುಟ್ಟಿಯಲ್ಲಿ ಒಂದು ರೊಟ್ಟಿ ಹೆಚ್ಚಿಗೆ ಇಡುತ್ತೇನೆ.

ಮತ್ತೆ ದಾವೆ ಯಾಕೆ? ಮೈದುನ ಜಗದೇವಪ್ಪನ ಸಲುವಾಗಿ. ಅವರು ಹೋಗುವ ಮೊದಲು ತಮ್ಮನಿಗೆ ಒಂದು ಮುಖ್ತ್ಯಾರಪತ್ರ ಕೊಟ್ಟಿದ್ದರು. ಅಣ್ಣನ ಹೆಸರಿನಲ್ಲಿರುವುದನ್ನು ತಮ್ಮ ಮಾರಬಹುದು, ಕೊಳ್ಳಬಹುದು. ಈಗ ತನ್ನ ಹಳ್ಳಿ ಮಟಕಿಯಿಂದ ಬಂದು ಜಗದೇವಪ್ಪ ಈ ಮನೆ ಮಾರುತ್ತೇನೆ ಎನ್ನುತ್ತಿದ್ದಾನೆ. "ವೈನಿ, ನೀವು ಮಟಕಿಗೆ ಬರ್ರಿ, ಹಿಂದಿನ ಖೋಲಿ ಕೊಡ್ತೇನಿ," ಎಂದ. ದನ ಕಟ್ಟುವ ಖೋಲಿ ಅದು!

ವಕೀಲ ಗೌಸಮೊಹಿದ್ದೀನ ಸಾಹೇಬರು ಕನ್ನಡಕ ಒರೆಸುತ್ತ ಹೇಳಿದರು, "ಟೀಚರಬಾಯಿ, ನಿಮ್ಮ ಗಂಡ ಬದುಕಿದ್ರ ಆ ಮುಖ್ತ್ಯಾರಿನೂ ಬದುಕಿರ್ತದ. ಅಂವ ಸತ್ರ ಅದೂ ಸಾಯ್ತದ. ಏಳ ವರ್ಷ ಮನಿಯವರಿಗೆ ಸುದ್ದಿ ಇಲ್ಲಂದ್ರ ಸತ್ತಾನಂತ ತಿಳೀಬೇಕು ಅಂತದ ಕಾಯ್ದೆ. ಮನಿ ನಿಮಗ ಉಳೀಬೇಕಂದ್ರ ಇದೊಂದೇ ದಾರಿ."

ದೇವರೇ, ಅವರು ನಾಳೆ ಬಾಗಿಲಿಗೆ ಬಂದು ನಿಲ್ಲಲಿ. ದಾವೆ ಹರಿದು ಒಲೆಗೆ ಹಾಕಿ ಅದರ ಮೇಲೆಯೇ ಅವರಿಗೆ ಚಹಾ ಕಾಸಿ ಕೊಡುತ್ತೇನೆ.

18 ಫೆಬ್ರವರಿ 1987

ಮುನ್ಸೀಫ್ ಕೋರ್ಟಿನಲ್ಲಿ ಇವತ್ತು ಜಗದೇವಪ್ಪನ ಕಡೆಯ ಸಾಕ್ಷಿಗಳು. ಮೊದಲ ಸಾಕ್ಷಿ ಯಾರು? ನನ್ನ ಅತ್ತೆ! ಬೆಳಿಗ್ಗೆ ನಾನೇ ಎಣ್ಣೆ ಹಚ್ಚಿ ತಲೆ ಬಾಚಿ, ಕೈ ಹಿಡಿದು ಕರೆದುಕೊಂಡು ಹೋಗಿ ಕಟಕಟೆಯಲ್ಲಿ ನಿಲ್ಲಿಸಿದೆ. ಅಲ್ಲಿಂದ ಅವಳು ನನ್ನ ವಿರುದ್ಧ ಹೇಳಿದಳು. "ಮಗಾ ಅದಾನ್ರಿ ಸಾಹೇಬ. ಒಂಬತ್ತ ತಿಂಗಳ ಹೊತ್ತಾಕಿಗಿ ಗೊತ್ತಾಗೂದಿಲ್ಲೇನ್ರಿ?" ಮುನ್ಸೀಫರು ಬರೆಯುವುದನ್ನು ನಿಲ್ಲಿಸಿ ಬಹಳ ಹೊತ್ತು ಅವಳ ಮುಖ ನೋಡಿದರು. ಮತ್ತೆ ಕೈ ಹಿಡಿದು ಮನೆಗೆ ಕರೆತಂದು ಊಟಕ್ಕೆ ಹಾಕಿದೆ. "ಸಿಟ್ಟಾದ್ಯಾ?" ಎಂದಳು. ಇಲ್ಲ ಎಂದೆ. ನಿಜವಾಗಿಯೂ ಸಿಟ್ಟು ಬಂದಿರಲಿಲ್ಲ. ಅವಳ ಮಾತೇ ನಿಜವಾಗಲಿ ಎಂದು ನನಗೂ ಅನ್ನಿಸಿತ್ತು.

ಎರಡನೆಯವನು ಸರಸಂಬಾದ ಶಿವರಾಯ, ಎತ್ತಿನ ವ್ಯಾಪಾರದವನು. ಗಡಿಯಾಚೆ ಮಹಾರಾಷ್ಟ್ರದ ಒಂದು ಹಳ್ಳಿಯಲ್ಲಿ ಅವರನ್ನು ನೋಡಿದೆ ಎಂದ. ಕಾಲಿನ ಬೆರಳು ನೋಡಿ ಗುರುತು ಹಿಡಿದನಂತೆ. ಆದರೆ ಆ ಮನುಷ್ಯ ಒಮ್ಮೆ ಮೇಲಿನ ಮಾಡು ನೋಡುತ್ತಾನೆ, ಒಮ್ಮೆ ನೆಲ ನೋಡುತ್ತಾನೆ, ಕಣ್ಣು ನಿಂತಲ್ಲಿ ನಿಲ್ಲುವುದಿಲ್ಲ. ಕೊನೆಗೆ "ಅಂವ ಒಂದು ಮಾತು ಹೇಳಿ ಕಳಿಸ್ಯಾನ್ರಿ—" ಎಂದು ಶುರು ಮಾಡಿದ. ನಮ್ಮ ವಕೀಲ ಸಾಹೇಬರು ಥಟ್ಟನೆ ಎದ್ದು, ಇನ್ನೊಬ್ಬ ಹೇಳಿದ್ದನ್ನು ಸಾಕ್ಷಿ ಹೇಳುವಂತಿಲ್ಲ ಎಂದು ತಡೆದರು. ಮುನ್ಸೀಫರು ಒಪ್ಪಿದರು. ಆ ಮಾತು ಬರೆಯಲೇ ಇಲ್ಲ.

ಹೊರಗೆ ಬೇವಿನ ಗಿಡದ ಕೆಳಗೆ ಶಿವರಾಯ ನನ್ನ ಕಡೆಗೆ ಬರುತ್ತಿದ್ದ. ಸಾಹೇಬರು ನನ್ನನ್ನು ಪಕ್ಕಕ್ಕೆ ಕರೆದರು. "ಎದುರಿನವರ ಸಾಕ್ಷಿ ಜೊತಿ ಮಾತಾಡಬ್ಯಾಡ್ರಿ."

"ಆ ಹಳ್ಳಿಗಿ ಒಮ್ಮಿ ಹೋಗಿ ನೋಡಿ ಬರ್ತೇನಿ ಸಾಹೇಬ್ರ."

"ಹೋದ್ರಿ ಅಂದ್ರ ಬದುಕ್ಯಾನಂತ ನೀವೇ ಒಪ್ಪಿದಂಗ. ಕೇಸು ಅಲ್ಲೇ ಖಲಾಸ್. ಫೈಸಲಾ ಆಗಲಿ, ಆಮ್ಯಾಲ ಹೋಗ್ರಿ."

ಆಯಿತು, ತೀರ್ಪಾದ ಮೇಲೆ ಹೋಗುತ್ತೇನೆ. ಬೆರಳಿನ ಸಂಗತಿ ಊರಿಗೇ ಗೊತ್ತು, ಜಗದೇವಪ್ಪ ಹೇಳಿಕೊಟ್ಟಿರಬೇಕು. ಆದರೂ ಹೋಗುತ್ತೇನೆ.

7 ಸೆಪ್ಟೆಂಬರ್ 1987

ಗೆದ್ದೆ. ನನ್ನ ಗಂಡ ದೌಲತರಾಯರು ಕಾಯ್ದೆಯ ಪ್ರಕಾರ ತೀರಿಕೊಂಡಿದ್ದಾರೆ. ಶಿವರಾಯ ಕಟಕಟೆಯಲ್ಲಿ ನಡೆದುಕೊಂಡ ರೀತಿ ನೋಡಿದರೆ ಅವನ ಮಾತು ನಂಬುವಂತಿಲ್ಲ ಎಂದು ಮುನ್ಸೀಫರು ಬರೆದಿದ್ದಾರೆ.

ಸಂಜೆ ಪಕ್ಕದ ಮನೆಯ ಹಮೀದಾಬೇಗಂ ಬಂದಳು. ಬಳೆ ಮಾರುವವಳು, ಮದುವೆಯಾಗಿ ಬಂದಾಗಿನಿಂದ ನನಗೆ ಬಳೆ ಇಡಿಸಿದವಳು. ಒಡೆಯಲು ಅವಳಿಗೆ ಮನಸ್ಸಾಗಲಿಲ್ಲ. ಒಂದೊಂದನ್ನೇ ಸೋಪು ಹಚ್ಚಿ ತೆಗೆದಳು. ಇಬ್ಬರೂ ಅತ್ತೆವು. ಎಷ್ಟು ಅತ್ತೆನೆಂದರೆ ಒಳಗಿನಿಂದ ಅತ್ತೆ ತಡವರಿಸುತ್ತ ಬಂದು ನನ್ನ ತಲೆ ಹಿಡಿದುಕೊಂಡು ಕೂತಳು. ಮಗ ಸತ್ತಿಲ್ಲ ಎನ್ನುವವಳು ನನ್ನನ್ನು ಸಮಾಧಾನ ಮಾಡಿದಳು.

13 ಸೆಪ್ಟೆಂಬರ್ 1987

ಕೋರ್ಟು ಸತ್ತಿದ್ದಾನೆ ಎಂದ ಮೇಲೆ ಕ್ರಿಯೆ ಮಾಡದೆ ಬಿಟ್ಟರೆ ಜೀವ ತಿರುಗುತ್ತದೆ ಎಂದು ಮಠದ ಅಯ್ಯನವರು ಹೇಳಿದರು. ಹೆಣವಿಲ್ಲವಲ್ಲ? ರಜಾಕಾರರ ಕಾಲದಲ್ಲಿ ಮನೆಗೆ ಬಾರದವರಿಗೆ ಜೋಳದ ಹಿಟ್ಟಿನ ಗೊಂಬೆ ಮಾಡಿ ಮಣ್ಣು ಕೊಟ್ಟಿದ್ದರಂತೆ.

ಹಿಟ್ಟು ನಾನೇ ನಾದಿದೆ. ರೊಟ್ಟಿಗೆ ನಾದುವ ಹಾಗೆಯೇ, ಬಿಸಿನೀರು ಹಾಕಿ. ಕೈಗೆ ಏನು ತಿಳಿಯುತ್ತದೆ? ತಲೆ, ತೋಳು, ಪದ್ಮಾಸನ ಹಾಕಿದ ಕಾಲು. ಬೆರಳು ಮಾಡುವಾಗ ರೂಢಿಯಂತೆ ಎರಡೂ ಪಾದಕ್ಕೆ ಐದೈದು ಮಾಡಿಬಿಟ್ಟೆ. ಆಮೇಲೆ ನೆನಪಾಯಿತು. ಅಯ್ಯನವರು, "ಇರಲಿ ಬಿಡವ್ವಾ, ಅಲ್ಲಿಗಿ ಪೂರಾ ಆಗೇ ಹೋಗಲಿ," ಎಂದರು.

ಅವರ ಲಿಂಗವನ್ನು ನನ್ನ ಮದುವೆಯ ಸೀರೆಯ ಹಸಿರು ಅಂಚು ಹರಿದು ಅದರಲ್ಲಿ ಕಟ್ಟಿದೆ. ಗಂಟು ಮೂರು ಸುತ್ತು. ಗೊಂಬೆಯನ್ನು ಕುಣಿಯಲ್ಲಿ ಕೂಡಿಸಿ, ಎಡ ಅಂಗೈಯಲ್ಲಿ ಲಿಂಗ ಇಟ್ಟು, ಉಪ್ಪು ವಿಭೂತಿ ತುಂಬಿ ಮುಚ್ಚಿದರು. ಅತ್ತೆ ಮನೆ ಬಿಟ್ಟು ಹೊರಡಲಿಲ್ಲ. "ಜೀವಂತ ಇದ್ದಾವನ ಲಿಂಗ ಮಣ್ಣಾಗ ಇಟ್ಟು ಬಂದಿ," ಎಂದಳು, ಅಷ್ಟೇ.

2 ಡಿಸೆಂಬರ್ 1987

ಬರೆಯಬಾರದು ಅಂದುಕೊಂಡಿದ್ದೆ. ಆದರೆ ಇದು ನಾಲ್ಕನೆಯ ಸಲವೋ ಐದನೆಯ ಸಲವೋ ಆಯಿತು.

ಮಧ್ಯಾಹ್ನ ಶಾಲೆಯಿಂದ ಬಂದಾಗ ಫರಸಿಯ ಮೇಲೆ ಒದ್ದೆ ಹೆಜ್ಜೆಗಳಿದ್ದವು. ಬಾಗಿಲಿನಿಂದ ಒಳಗೆ, ಗೂಟದ ತನಕ. ಎಡಗಾಲಿಗೆ ನಾಲ್ಕು ಬೆರಳು. ಗೂಟದ ಕೆಳಗೆ ಎರಡೂ ಪಾದ ಜೋಡಿಸಿ ನಿಂತ ಗುರುತು. ಹೊರಗೆ ಹೋದದ್ದಿಲ್ಲ. ಬಿಸಿಲಿಗೆ ಬಾಗಿಲ ಬಳಿಯದು ಮೊದಲು ಆರಿತು, ಗೂಟದ ಕೆಳಗಿನದು ಕೊನೆಗೆ.

ಅತ್ತೆ ಮೂಲೆಯಲ್ಲಿ ಅವರೆ ಸುಲಿಯುತ್ತಿದ್ದಳು. "ಯಾರ ಬಂದಿದ್ರು ಅತ್ತಿ?" ಎಂದೆ.

"ದೌಲತ ಬಂದಿದ್ದ. ಲಿಂಗ ಹುಡುಕಾಕತ್ತಾನ. ನೀ ಎಲ್ಲಿ ಇಟ್ಟೀದಿ ಅಂತ ನಾ ಹೇಳಲಿಲ್ಲ."

ಅಯ್ಯಯ್ಯೋ ಶಿವನೇ ಎಂದೆ. ಸ್ವಲ್ಪ ಹೊತ್ತಿಗೆ ಹೆದರಿಕೆ ಹೋಯಿತು. ನಿಜ ಹೇಳಬೇಕೆಂದರೆ, ಎಂಟು ವರ್ಷದಲ್ಲಿ ಮನೆಗೆ ಯಾರೋ ಬಂದರು ಅನ್ನಿಸಿದ್ದು ಈ ಹೆಜ್ಜೆಗಳಿಂದಲೇ. ಹೆಚ್ಚಿನ ರೊಟ್ಟಿಯನ್ನು ಗೂಟದ ಕೆಳಗೆ ಇಟ್ಟೆ. ಅದು ಹಾಗೇ ಒಣಗಿತು, ಇರಲಿ.

9 ಮಾರ್ಚ್ 1988

ಜಗದೇವಪ್ಪ ಗುಲ್ಬರ್ಗಾದ ಜಿಲ್ಲಾ ಕೋರ್ಟಿಗೆ ಅಪೀಲು ಹೋಗಿದ್ದಾನೆ. ಅಲ್ಲಿ ಅತ್ತೆ ಮತ್ತೆ ಸಾಕ್ಷಿ ಹೇಳಬೇಕೇ ಎಂದು ಕೇಳಿದೆ. ಸಾಹೇಬರು ನಕ್ಕರು.

"ಇಲ್ರೀ ಬಾಯಿ. ಕೆಳಗಿನ ಕೋರ್ಟು ಮನಷಾನ ಮುಖ ನೋಡ್ತದ. ಎರಡನೇ ಕೋರ್ಟು ಕೆಳಗ ಬರದಿದ್ದಷ್ಟೇ ಓದ್ತದ, ಓದಿ ಖರೇ ಯಾವುದು ಸುಳ್ಳು ಯಾವುದು ಅಂತ ಮತ್ತ ತೂಗ್ತದ. ಮೂರನೇದು ಬೆಂಗಳೂರಾಗ ಹೈಕೋರ್ಟು. ಅದು ಖರೇ ಸುಳ್ಳಿಗಿ ಕೈ ಹಚ್ಚೂದಿಲ್ಲ, ಕಾಯ್ದೆ ತಪ್ಪ್ಯದೇನ ಅಂತ ಅಷ್ಟೇ ನೋಡ್ತದ."

"ಮತ್ತ ದಿಲ್ಲಿಯದು?"

"ಅಲ್ಲಿ ಬಾಗಿಲ ಬಡೀಲಿಕ್ಕೂ ಪರವಾನಗಿ ಕೇಳಬೇಕು."

ಅಂದರೆ ಮೇಲೆ ಹೋದಂತೆ ಮನುಷ್ಯರು ಕಾಣುವುದಿಲ್ಲ. ಕೆಳಗೆ ಬರೆಯದೆ ಬಿಟ್ಟದ್ದು ಮೇಲೆ ಇಲ್ಲವೇ ಇಲ್ಲ. ಶಿವರಾಯನ ಬಾಯಲ್ಲಿ ಉಳಿದ ಆ ಮಾತು ಏನಿತ್ತೋ.

ಗಡಿಯಾಚೆಗೆ ಹೋಗುವುದು ಆಗಲಿಲ್ಲ. ಅಪೀಲು ಮುಗಿಯುವ ತನಕ ಬೇಡವೇ ಬೇಡ ಎಂದಿದ್ದಾರೆ. ಮತ್ತೆ, ನಮ್ಮವರು ವಾರಕ್ಕೊಮ್ಮೆಯಾದರೂ ಮನೆಗೇ ಬಂದು ಹೋಗುತ್ತಿರುವಾಗ ಎಲ್ಲಿಗೆಂದು ಹುಡುಕಿಕೊಂಡು ಹೋಗಲಿ?

21 ಏಪ್ರಿಲ್ 1989

ಸೋತೆ. ದೌಲತರಾಯರು ಬದುಕಿದ್ದಾರೆ.

ಶಿವರಾಯ ಹೇಳಿದ್ದರಲ್ಲಿ ಊರು, ಕಾಲ, ಕಾಲಿನ ಗುರುತು ಎಲ್ಲ ಸರಿಯಾಗಿದೆ, ನಂಬದಿರಲು ಕಾರಣವಿಲ್ಲ ಎಂದು ಗುಲ್ಬರ್ಗಾದ ಜಡ್ಜರು ಬರೆದಿದ್ದಾರೆ. ಅವನ ಕಣ್ಣು ಮಾಡು ನೋಡಿದ್ದು, ನೆಲ ನೋಡಿದ್ದು ಅವರಿಗೆ ಹೇಗೆ ಕಂಡೀತು? ಹೈಕೋರ್ಟಿಗೆ ಹೋಗುತ್ತೇವೆ, ಅಲ್ಲಿಯವರೆಗೆ ಮನೆ ಮಾರದಂತೆ ತಡೆ ತರುತ್ತೇವೆ ಎಂದು ಸಾಹೇಬರು ಧೈರ್ಯ ಹೇಳಿದರು.

ಅತ್ತೆ ಊರೆಲ್ಲ ಸಕ್ಕರೆ ಹಂಚಿಸಿದಳು. ಹಮೀದಾಬೇಗಂಳನ್ನು ಕರೆಸಿ, "ನನ್ನ ಸೊಸಿ ಮುತ್ತೈದಿ ಇದ್ದಾಳ, ಬರೀ ಕೈಲೇ ಇರಬಾರದು," ಎಂದು ಹಟ ಹಿಡಿದಳು. ಹಮೀದಾ ನನ್ನ ಮುಖ ನೋಡಿದಳು, ಬುಟ್ಟಿ ನೋಡಿದಳು. "ಯಾವ್ ಇಡಿಸ್ಲಿ ಬಾಯಿ? ಇವು ಜಿಲ್ಲಾ ಕೋರ್ಟಿನ್ವು. ಹೈಕೋರ್ಟಿನ್ವು ಇನ್ನಾ ಬಂದಿಲ್ಲ."

ಇಬ್ಬರೂ ನಕ್ಕೆವು. ನಗಬಾರದಿತ್ತೇನೋ. ಬಳೆ ಕೈಗೆ ಬಿಗಿಯಾಗಿವೆ, ಇದನ್ನು ಬರೆಯುವಾಗಲೂ ಮಣಿಕಟ್ಟು ಒತ್ತುತ್ತವೆ. ಯಾರೋ ಕೈ ಹಿಡಿದು ಬರೆಸಿದ ಹಾಗಾಗುತ್ತದೆ.

30 ಏಪ್ರಿಲ್ 1989

ಜೀವಂತ ಅಣ್ಣನಿಗೆ ಗೋರಿ ಯಾಕೆ ಎಂದು ಜಗದೇವಪ್ಪ ಇವತ್ತು ಕುಣಿ ತೆಗೆಸಿದ. ಅಯ್ಯನವರೂ ನಾನೂ ಹೋಗಿದ್ದೆವು.

ಮೇಲಿನ ಮಣ್ಣು ಯಾರೂ ಮುಟ್ಟಿದಂತಿರಲಿಲ್ಲ, ಗರಿಕೆ ಹಬ್ಬಿತ್ತು. ಗೊಂಬೆ ಉಪ್ಪಿನಲ್ಲಿ ಗಟ್ಟಿಯಾಗಿ ಕಲ್ಲಾಗಿತ್ತು, ಇರುವೆ ಸಹ ಮುಟ್ಟಿರಲಿಲ್ಲ. ಕೂತ ಹಾಗೆಯೇ ಕೂತಿತ್ತು. ಎಡ ಅಂಗೈ ತೆರೆದಿತ್ತು. ಅದರಲ್ಲಿ ಲಿಂಗವಿಲ್ಲ. ಹಸಿರು ಬಟ್ಟೆಯೂ ಇಲ್ಲ. ಉಪ್ಪನ್ನೆಲ್ಲ ಜರಡಿ ಹಿಡಿದು ನೋಡಿದರು.

"ಹೆಗ್ಗಣ ಒಯ್ದಿರಬೇಕ್ರಿ," ಎಂದ ಜಗದೇವಪ್ಪ. ಗೆದ್ದವನು ಅವನು, ಮುಖ ಮಾತ್ರ ಬಿಳುಚಿಕೊಂಡಿತ್ತು. ಅಯ್ಯನವರು ಬೇಗ ಮುಚ್ಚಿ ಎಂದರು.

ನಾನು ನೋಡಿದ್ದನ್ನು ಅವರಿಬ್ಬರಿಗೂ ಹೇಳಲಿಲ್ಲ. ಗೊಂಬೆಯ ಎಡಗಾಲಿಗೆ ನಾಲ್ಕೇ ಬೆರಳಿದ್ದವು. ಐದನೆಯದು ಮುರಿದ ಗುರುತು ಇರಲಿಲ್ಲ, ಅಲ್ಲಿ ಹಿಟ್ಟು ನುಣ್ಣಗೆ ಇತ್ತು. ಉದುರಿರಬೇಕು. ಉದುರಿರುತ್ತದೆ.

16 ಅಕ್ಟೋಬರ್ 1989

ಹೆಜ್ಜೆಗಳು ನಿಂತುಹೋಗಿವೆ. ಜಿಲ್ಲಾ ಕೋರ್ಟು ಬದುಕಿದ್ದಾರೆ ಎಂದ ದಿನದಿಂದ ಒಂದೂ ಇಲ್ಲ. ಶಾಲೆ ಬಿಟ್ಟೊಡನೆ ಓಡಿಬಂದು ಫರಸಿ ನೋಡುತ್ತೇನೆ. ಒಣ ಕಲ್ಲು.

ಎಲ್ಲಿಯೋ ಬದುಕಿದ್ದಾರೆ ಅಂದರೆ ಇಲ್ಲಿ ಇಲ್ಲ ಅಂತಲೇ ಆಯಿತಲ್ಲ. ಈ ಮನೆ ಬಿಟ್ಟು ಇನ್ನೊಬ್ಬರ ಮನೆಯ ನೆಲದ ಮೇಲೆ ನಡೆಯುತ್ತಿರುವ ಮನುಷ್ಯ. ಆ ಯೋಚನೆ ಬಂದರೆ ಮೈ ಉರಿಯುತ್ತದೆ. ಸತ್ತವರು ಎಷ್ಟೋ ವಾಸಿ, ಮನೆಗೆ ಬರುತ್ತಾರೆ.

4 ಜನವರಿ 1991

ಹೈಕೋರ್ಟಿನ ತಾರೀಖು ಇನ್ನೂ ಬಂದಿಲ್ಲ. ಬಳೆ ಒಂದು ಒಡೆಯಿತು. ಅತ್ತೆ ಕೇಳಿಸಿಕೊಂಡಳು, ಹೊಸದು ಇಡಿಸಿದಳು.

19 ನವೆಂಬರ್ 1992

ಬೆಂಗಳೂರಿಗೆ ಹೋಗಿ ಬಂದೆ. ಸಾಹೇಬರು ಬೇಡ ಎಂದರೂ ಹೋದೆ. ನನ್ನ ಗಂಡನ ಸಾವು ಬದುಕು ಮಾತಾಡುವಾಗ ನಾನು ಅಲ್ಲಿರಬೇಡವೇ?

ಕೆಂಪು ಕಟ್ಟಡ, ಎತ್ತರದ ಮಾಡು. ನಮ್ಮ ಆಳಂದದ ಕೋರ್ಟಿನಲ್ಲಿ ಸಾಕ್ಷಿ ಕೆಮ್ಮಿದರೆ ನೀರು ಕೊಡುತ್ತಾರೆ. ಇಲ್ಲಿ ಕೆಮ್ಮುವವರೇ ಇಲ್ಲ. ಕಟಕಟೆಯೂ ಇಲ್ಲ, ಸಾಕ್ಷಿ ಬರುವುದೇ ಇಲ್ಲವಲ್ಲ. ನಮ್ಮ ಕೇಸು ಕೂಗಿದಾಗ ರೂಢಿಯಂತೆ ಎದ್ದು ನಿಂತೆ. ಯಾರೂ ತಿರುಗಿ ನೋಡಲಿಲ್ಲ. ಇಂಗ್ಲಿಷಿನಲ್ಲಿ ಮಾತು ನಡೆಯಿತು. ನಡುವೆ ದೌಲತರಾಯ, ಶಿವಕಾಂತಾ ಎಂದು ನಮ್ಮಿಬ್ಬರ ಹೆಸರು ಕೇಳುತ್ತಿತ್ತು, ಎರಡನ್ನೂ ಒಂದೇ ದನಿಯಲ್ಲಿ ಅನ್ನುತ್ತಿದ್ದರು. ಹಾಳೆ ತಿರುವಿದರು. ಮುಗಿಯಿತು. ನಾನು ಇನ್ನೂ ನಿಂತೇ ಇದ್ದೆ. ಒಬ್ಬ ಜವಾನ ಬಂದು ನಾನಿದ್ದ ಬೆಂಚು ಜರುಗಿಸಿದ, ನನಗೆ ಪಕ್ಕಕ್ಕೆ ಸರಿ ಎನ್ನಲೂ ಇಲ್ಲ.

ಮನೆಗೆ ಬಂದು ಅತ್ತೆಗೆ, "ನಾ ಕಾಣಿಸ್ತೇನೇನ್ರಿ ಅತ್ತಿ?" ಎಂದು ಕೇಳಿದೆ. ಕುರುಡಿಗೆ ಕೇಳುವ ಮಾತೇ ಅದು! ಅವಳು ಮಾತ್ರ ಕೈಯಾಡಿಸಿ ನನ್ನ ಮುಖ ಮುಟ್ಟಿದಳು. "ಸಣ್ಣಾಗೀದಿ," ಎಂದಳು.

9 ಜುಲೈ 1993

ಗೆದ್ದೆವು. ದೌಲತರಾಯ ಮೃತ. ಸಾಕ್ಷಿಯನ್ನು ಕಣ್ಣಾರೆ ಕಂಡ ಕೆಳಗಿನ ಕೋರ್ಟು ನಂಬಲಿಲ್ಲ ಅಂದ ಮೇಲೆ, ಕಾರಣವಿಲ್ಲದೆ ಕಾಗದ ಓದಿ ನಂಬಿದ್ದು ಕಾಯ್ದೆಗೆ ಸರಿಯಲ್ಲವಂತೆ. ಮುನ್ಸೀಫರ ತೀರ್ಪೇ ನಿಂತಿತು.

ಸಾಹೇಬರು ಪೂರ್ತಿ ಹೇಳಿ ಮುಗಿಸುವ ಮೊದಲೇ ಬಳೆ ತೆಗೆಯತೊಡಗಿದ್ದೆನಂತೆ. "ಏನ್ ಅವಸರಾ ಬಾಯಿ," ಎಂದರು. ತೆಗೆದು ಅವರ ಮೇಜಿನ ಮೇಲೆಯೇ ಇಟ್ಟು ಬಂದಿದ್ದೇನೆ. ಕೈ ಹಗುರಾಗಿದೆ.

ಒಂದೇ ಚಿಂತೆ. ದಿಲ್ಲಿಗೆ ಹೋಗಲು ತೊಂಬತ್ತು ದಿನದ ಗಡುವು ಇದೆ. ಜಗದೇವಪ್ಪ ಹೋಗಲಿಕ್ಕಿಲ್ಲ, ದಣಿದಿದ್ದಾನೆ. "ಆದರ ಆ ಮನಷಾ ಈ ಗಡುವಿನ್ಯಾಗ ಎಲ್ಲಿಯರ ಕಂಡ್ರ ಮಾತ್ರ ಎಲ್ಲಾ ಉಲ್ಟಾ," ಎಂದು ಸಾಹೇಬರು ನಕ್ಕರು. ಗಡುವು ಮುಗಿದ ಮೇಲೆ ಕಂಡರೂ ಉಲ್ಟಾ ಆಗುತ್ತದಲ್ಲ ಎಂದೆ. ಅವರ ನಗು ನಿಂತಿತು. "ಸತ್ತಾವ ಹ್ಯಾಂಗ ಕಾಣ್ತಾನ್ರಿ?" ಎಂದರು. ಅದೂ ಸರಿ.

28 ಆಗಸ್ಟ್ 1993

ಹೆಜ್ಜೆ ಇನ್ನೂ ಬಂದಿಲ್ಲ. ಮೊದಲ ಸಲ ಎಷ್ಟು ದಿನಕ್ಕೆ ಬಂದಿತ್ತು? ಇಷ್ಟು ತಡವಾಗಿರಲಿಲ್ಲ. ಗಡುವು ಮುಗಿಯುವ ತನಕ ಬರುವುದಿಲ್ಲವೇನೋ. ಗೂಟದ ಕೆಳಗೆ ರೊಟ್ಟಿ ಇಡುತ್ತಿದ್ದೇನೆ.

30 ಸೆಪ್ಟೆಂಬರ್ 1993

ಭೂಮಿ ನಡುಗಿತು. ಜನ ಗಣಪತಿ ಕಳಿಸಿ ಬಂದು ಮಲಗಿದ್ದರು, ಇನ್ನೂ ಬೆಳಕು ಹರಿದಿರಲಿಲ್ಲ. ಅತ್ತೆಯನ್ನು ಎಬ್ಬಿಸಿ ಹೊರಗೆ ಎಳೆದುಕೊಂಡು ಓಡಿದೆ. ಓಣಿಯವರೆಲ್ಲ ಬಯಲಲ್ಲಿ. ಗೋಡೆಯಲ್ಲಿ ಒಂದು ಬಿರುಕು, ಅಷ್ಟೇ, ಮನೆ ನಿಂತಿದೆ. ನನ್ನ ಮನೆ ನಿಂತಿದೆ!

ಗಡಿಯಾಚೆ ಊರಿಗೆ ಊರೇ ನೆಲಸಮವಾಗಿವೆಯಂತೆ. ಹಿರೋಳ್ಳಿ ದಾರಿಯಲ್ಲಿ ಜನ ನಡೆದುಕೊಂಡು ಬರುತ್ತಿದ್ದಾರೆ, ಮೈಯೆಲ್ಲ ಮಣ್ಣು, ಮಾತಿಲ್ಲ. ಹಮೀದಾಬೇಗಂ ಅವರಿಗೆ ನೀರು ಕೊಡುತ್ತ ಅಳುತ್ತಿದ್ದಳು. "ಮಣ್ಣೊಳಗಿನಿಂದ ಎದ್ದು ಬಂದವರು ಬಾಯಿ," ಎಂದಳು.

4 ಅಕ್ಟೋಬರ್ 1993

ಇವತ್ತು ಬಂದರು.

ಮಧ್ಯಾಹ್ನ. ಶಾಲೆಗೆ ರಜೆ, ನಾನು ಬಾಗಿಲ ಬಳಿ ಜೋಳ ಹಸನು ಮಾಡುತ್ತಿದ್ದೆ, ಅತ್ತೆ ಒಳಗೆ ತೂಕಡಿಸುತ್ತಿದ್ದಳು. ತಲೆಯಿಂದ ಕಾಲಿನವರೆಗೆ ಮಣ್ಣು ಮೆತ್ತಿದ ಒಬ್ಬ ಮನುಷ್ಯ ಬಂದು ನಿಂತ. ಹೊಸ್ತಿಲು ದಾಟಿ ಒಂದು ಹೆಜ್ಜೆ ಒಳಗಿಟ್ಟ. ಮೊದಲು ಕಾಲನ್ನೇ ನೋಡಿದೆ. ನಾಲ್ಕು ಬೆರಳು.

ನನಗೆ ಆಶ್ಚರ್ಯವಾಗಲಿಲ್ಲ. ಕಾಯುತ್ತಲೇ ಇದ್ದೆನಲ್ಲ. ಆದರೆ ಮೊದಲೆಲ್ಲ ಹೆಜ್ಜೆ ಮಾತ್ರ ಬರುತ್ತಿತ್ತು. ಈ ಸಲ ಮೈಯೂ ಬಂದಿದೆ, ಗಡ್ಡ ಬೆಳ್ಳಗಾಗಿದೆ.

"ಶಿವಕಾಂತಾ," ಎಂದ. "ಅಲ್ಲಿ ಎಲ್ಲಾ ಬಿದ್ದು ಹೋತು. ಯಾರೂ ಉಳೀಲಿಲ್ಲ."

ನೀರು ಕೊಟ್ಟೆ. ಚೊಂಬು ತೆಗೆದುಕೊಳ್ಳುವಾಗ ಕೈ ತಾಗಿತು. ಬೆಚ್ಚಗಿತ್ತು. ಬಿಸಿಲಿಗೆ ಕಲ್ಲೂ ಬೆಚ್ಚಗಾಗುತ್ತದೆ. ಗಟಗಟ ಕುಡಿದ, ಗದ್ದದಿಂದ ನೀರು ಕಾಲಿನ ತನಕ ಇಳಿಯಿತು, ಎದೆಯ ಮಣ್ಣು ತೊಳೆಯಿತು. ಅಲ್ಲಿ, ಕೊರಳಿನಿಂದ ಇಳಿದ ದಾರದಲ್ಲಿ, ಹಸಿರು ಅಂಚಿನ ಬಟ್ಟೆಯ ಗಂಟು. ಮೂರು ಸುತ್ತು. ನಾನೇ ಹಾಕಿದ ಗಂಟು.

"ಲಿಂಗ ಕೊಟ್ಟು ಕಳಸು ಅಂತ ಶಿವರಾಯನ ಕಡೆ ಹೇಳಿ ಕಳಿಸಿದ್ದೆ," ಎಂದ. "ಮುಟ್ಟಿತು."

ಯಾರು ತಂದುಕೊಟ್ಟರು ಎಂದು ನಾನು ಕೇಳಲಿಲ್ಲ.

ಅವನು ನನ್ನ ಕೈ ನೋಡುತ್ತಿದ್ದ. "ಬಳಿ ಯಾಕ ಇಲ್ಲ?"

ನಾನು ಎದ್ದು ನಿಂತೆ. ಶಾಲೆಯಲ್ಲಿ ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದೆ, "ನೀವು ತೀರಿಕೊಂಡೀರಿ. ಮುನ್ಸೀಫ್ ಕೋರ್ಟಿನ್ಯಾಗ ಒಮ್ಮಿ, ಹೈಕೋರ್ಟಿನ್ಯಾಗ ಒಮ್ಮಿ. ಈ ವಾರ ಗಡುವು ಮುಗೀತದ. ಅಲ್ಲಿ ತನಕಾ ಬರಬ್ಯಾಡ್ರಿ, ಯಾರಿಗೂ ಕಾಣಿಸಬ್ಯಾಡ್ರಿ. ಆಮ್ಯಾಲ ಮೊದಲಿನಂಗ ಬರ್ರಿ, ಹೆಜ್ಜಿ ಅಷ್ಟೇ. ರೊಟ್ಟಿ ಇಟ್ಟಿರ್ತೇನಿ."

ಬಹಳ ಹೊತ್ತು ನನ್ನ ಮುಖವನ್ನೇ ನೋಡಿದ. ನಾನು ಒಮ್ಮೆ ಮಾಡು ನೋಡಿದೆ, ಒಮ್ಮೆ ನೆಲ ನೋಡಿದೆ. ಅವನು ಚೊಂಬನ್ನು ಹೊಸ್ತಿಲ ಮೇಲೆ ಇಟ್ಟು ಬಂದ ದಾರಿಯಲ್ಲೇ ಹೋದ. ಸ್ವಲ್ಪ ಕುಂಟುತ್ತಿದ್ದ. ತಿರುವಿನಲ್ಲಿ ಬೇರೆ ಮಣ್ಣಿನ ಜನರೊಂದಿಗೆ ಬೆರೆತುಹೋದ.

"ದೌಲತ ಬಂದನೇನ?" ಒಳಗಿನಿಂದ ಅತ್ತೆ ಕೂಗಿದಳು.

"ಇಲ್ರಿ. ಯಾರೋ ನೀರ ಕೇಳಾಕ ಬಂದಿದ್ದ."

ಅವಳು ಗೋಡೆ ಹಿಡಿದು ಬಾಗಿಲಿಗೆ ಬಂದಳು, ಕೂತಳು, ಫರಸಿಯ ಮೇಲೆ ಕೈಯಾಡಿಸಿದಳು. ಕೆಸರಿನ ಹೆಜ್ಜೆ ಇನ್ನೂ ಹಸಿಯಾಗಿತ್ತು. ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು. ಒಂದು, ಎರಡು, ಮೂರು, ನಾಲ್ಕು. ಐದನೆಯದರ ಜಾಗದಲ್ಲಿ ಅವಳ ಬೆರಳು ಒಣ ಕಲ್ಲಿನ ಮೇಲೆ ನಿಂತಿತು.

"ಶಿವಕಾಂತಾ."

"ಏನ್ರಿ ಅತ್ತಿ."

"ಹೈಕೋರ್ಟಿನ ಮ್ಯಾಲ ಇನ್ನೊಂದು ಕೋರ್ಟ ಅದ ಅಂತಿದ್ಯಲ್ಲ. ಅಲ್ಲಿ ನನ್ನ ಮಾತು ಕೇಳ್ತಾರೇನು?"

"ಅಲ್ಲಿ ಸಾಕ್ಷಿ ಕೇಳೂದಿಲ್ರಿ."

ಅವಳು ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾಳೆ, ಊಟಕ್ಕೂ ಏಳಲಿಲ್ಲ. ವಯಸ್ಸಾಯಿತು, ಭೂಮಿ ನಡುಗಿದಾಗಿನಿಂದ ಹೆದರಿದ್ದಾಳೆ.

ಫರಸಿ ಎರಡು ಸಲ ಒರೆಸಿದೆ. ಈಗ ಏನೂ ಇಲ್ಲ. ಆಮೇಲೆ ಒಲೆ ಹೊತ್ತಿಸಿದೆ. ಹಿಟ್ಟು ಕಡಿಮೆಯಿತ್ತು, ಇಬ್ಬರಿಗಾಗುವಷ್ಟೇ ಬಡಿದೆ.